'ಕನಾರಿ' ಸಿನಿಮಾ: ದನಿಯ ಮೇಲೆ ನಿಂತ ತಂಡ
ಕ್ರಿಸ್ಟಿಯಾನ್ ಓಲ್ವಾಗೆನ್ ನಿರ್ದೇಶನದ 2018ರ ಈ ಆಫ್ರಿಕಾನ್ಸ್ (ದಕ್ಷಿಣ ಆಫ್ರಿಕಾದ ಒಂದು ಭಾಷೆ) ಚಿತ್ರದ ಬೆನ್ನೆಲುಬು ಚಾರ್ಲ್-ಯೋಹಾನ್ ಲಿಂಗೆನ್‌ಫೆಲ್ಡರ್. ನಿರ್ದೇಶಕರ ಜೊತೆ ಚಿತ್ರಕಥೆ ಬರೆದವರೂ ಅವರೇ, ಸಂಗೀತವೂ ಅವರದೇ. ಹಾಗಾಗಿ ಹಾಡುಗಳು ಕಥೆಗೆ ಅಂಟಿಸಿದಂತೆ ಕಾಣುವುದಿಲ್ಲ. 1985ರ ದಕ್ಷಿಣ ಆಫ್ರಿಕಾ, ಕಡ್ಡಾಯ ಸೇನಾಸೇವೆ. ಸೇನೆಯ ಚರ್ಚ್ ಗಾಯನವೃಂದ ಸೇರುವ ಯೋಹಾನ್ ಪಾತ್ರಕ್ಕೆ ಹಾಸ್ಯಗಾರ ಸ್ಕಾಲ್ಕ್ ಬೆಜೈಡೆನ್‌ಹೌಟ್ ಅವರನ್ನು ಆರಿಸಿದ್ದು ಅದ್ಭುತ: ನಗಿಸುವ ಮುಖ ಸುಮ್ಮನಾದಾಗ ಒಳಗಿನ ಭಯ ನೇರವಾಗಿ ಕಾಣುತ್ತದೆ. ಗೆಳೆಯ ಲುಡಾಲ್ಫ್ ಆಗಿರುವ ಗೆರ್ಮಾಂಟ್ ಗೆಲ್ಡೆನ್‌ಹೌಸ್ ಪಳಗಿದ ಗಾಯಕ. ಉಸಿರಾಟ ನೋಡಿದರೇ ತಿಳಿಯುತ್ತದೆ. ಕ್ಯಾಮೆರಾ ಕ್ರಿಸ್ ಫರ್ಮಾಕ್ ಅವರದು. ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿದ ಉದ್ದನೆಯ ಟೇಕ್‌ಗಳೇ ಹೆಚ್ಚು. ಇಂಥ ಕಡೆ ಒಬ್ಬ ನಟ ತಪ್ಪಿದರೂ ಮೊದಲಿಂದ ಶುರು, ಸಂಕಲನದಲ್ಲಿ ಮುಚ್ಚಿಹಾಕುವಂತಿಲ್ಲ. ಸುಮಾರು ಎರಡು ಗಂಟೆಯ ಚಿತ್ರ ಕೊನೆಯತ್ತ ಕೊಂಚ ಎಳೆಯುವುದೂ ಈ ಉದ್ದನೆಯ ಟೇಕ್‌ಗಳಿಂದಲೇ.