ಸಾವು ಮುಷ್ಕರ ಹೂಡಿದ ಒಪೆರಾ: ಡೆಕ್ಕಾದ ‘ಡೆರ್ ಕೈಸರ್ ಫೊನ್ ಅಟ್ಲಾಂಟಿಸ್’ ಸಿಡಿ

ಸಂಯೋಜಕ ವಿಕ್ಟರ್ ಉಲ್‌ಮನ್ ನಾಜಿ ಘೆಟ್ಟೋದೊಳಗೆ ಬರೆದ ಒಪೆರಾ ‘ಅಟ್ಲಾಂಟಿಸ್‌ನ ಚಕ್ರವರ್ತಿ’ಯನ್ನು ಮೊದಲ ಸಲ ಕೇಳುವವರು 1994ರ ಡೆಕ್ಕಾ ಸಿಡಿಯಿಂದಲೇ ಶುರು ಮಾಡಬೇಕು. ಲೋಥರ್ ಝಾಗ್ರೊಸೆಕ್ ನಿರ್ದೇಶನ, ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ವಾದಕರು. ಇವರು ಇದನ್ನು ನಾಟಕ ಎಂದು ಹಾಡಿದ್ದಾರೆ, ಶ್ರದ್ಧಾಂಜಲಿ ಸಭೆ ಎಂದಲ್ಲ. ಈ ಕೃತಿಯಲ್ಲಿ ಎಡವುವವರೆಲ್ಲ ಎಡವುವುದು ಅಲ್ಲೇ: ಬರೆದವನ ಕೊನೆ ಗೊತ್ತಿದೆ ಎಂದು ಮೊದಲ ಸ್ವರದಿಂದಲೇ ಮುಖ ಸಪ್ಪೆ ಮಾಡಿಕೊಂಡು ಹಾಡುತ್ತಾರೆ. ಆಗ ಅದರೊಳಗಿನ ಕುಚೋದ್ಯ ಸತ್ತುಹೋಗುತ್ತದೆ.

ಉಲ್‌ಮನ್ ಹುಟ್ಟಿದ್ದು 1898ರಲ್ಲಿ, ಟೆಶೆನ್ ಊರಿನಲ್ಲಿ. ಯಹೂದಿ ಮೂಲದ ಮನೆ. ತಂದೆ ತಾಯಿ ಮೊದಲೇ ಕ್ಯಾಥೊಲಿಕ್ ಮತಕ್ಕೆ ಸೇರಿದ್ದರು, ಆದರೆ ನಾಜಿ ಕಾನೂನು ಕೇಳಿದ್ದು ಅಜ್ಜ ಅಜ್ಜಿ ಯಾರು ಎಂದು. ವಿಯೆನ್ನಾದಲ್ಲಿ ಸಂಯೋಜಕ ಶೋನ್‌ಬರ್ಗ್ ಬಳಿ ಪಾಠ, ಪ್ರಾಗ್‌ನಲ್ಲಿ ಸಂಗೀತ ನಿರ್ದೇಶಕ ಝೆಮ್ಲಿನ್ಸ್ಕಿಯ ಕೈಕೆಳಗೆ ಒಪೆರಾ ಮನೆಯ ಕೆಲಸ. 1942ರ ಸೆಪ್ಟೆಂಬರ್ 8ರಂದು ಆತನನ್ನು ನಾಜಿಗಳು ಯಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೆಝೀನ್ ಘೆಟ್ಟೋಗೆ ಸಾಗಿಸಿದರು. ಅಲ್ಲಿ ಮೂರು ಪಿಯಾನೊ ಸೊನಾಟಾ, ಒಂದು ಸ್ಟ್ರಿಂಗ್ ಕ್ವಾರ್ಟೆಟ್, ಈ ಒಪೆರಾ ಬರೆದದ್ದಲ್ಲದೆ, ಘೆಟ್ಟೋದೊಳಗೇ ನಡೆಯುತ್ತಿದ್ದ ಕಛೇರಿಗಳ ಬಗ್ಗೆ 26 ವಿಮರ್ಶೆಗಳನ್ನೂ ಬರೆದ. ಕನಿಕರದ ಗ್ರೇಸ್ ಮಾರ್ಕ್ಸ್ ಈ ಮನುಷ್ಯನಿಗೆ ಬೇಕಾಗಿಲ್ಲ.

ಸಾಹಿತ್ಯ ಪೀಟರ್ ಕೀನ್‌ನದು. ಚಿತ್ರಕಾರ, ಕವಿ, ಇಪ್ಪತ್ತೈದು ದಾಟದ ಹುಡುಗ. ಅದನ್ನು ಟೈಪ್ ಮಾಡಿದ್ದು ಕೈದಿಗಳ ನೋಂದಣಿ ಫಾರಂಗಳ ಹಿಂಬದಿಯಲ್ಲಿ. ಕಥೆ ಇಷ್ಟು: ಚಕ್ರವರ್ತಿ ಓವರ್‌ಆಲ್ ಎಲ್ಲರ ಮೇಲೆ ಎಲ್ಲರ ಯುದ್ಧ ಸಾರುತ್ತಾನೆ, ಸಾವು ತನ್ನ ಕಡೆಗಿದೆ ಎಂದು ಘೋಷಿಸುತ್ತಾನೆ. ಒಂದು ಮಾತೂ ಕೇಳದೆ ತನ್ನ ಹೆಸರು ಬಳಸಿಕೊಂಡನಲ್ಲ ಎಂದು ಸಾವಿಗೆ ಕೋಪ ಬಂದು, ಕತ್ತಿ ಮುರಿದು ಕೆಲಸ ನಿಲ್ಲಿಸುತ್ತದೆ. ಗಲ್ಲಿಗೆ ಹಾಕಿದವನೂ ಸಾಯುವುದಿಲ್ಲ. ಮತ್ತೆ ಕೆಲಸಕ್ಕೆ ಬರಬೇಕಾದರೆ ಮೊದಲು ಚಕ್ರವರ್ತಿಯೇ ಸಾಯಬೇಕು ಎಂಬುದು ಸಾವಿನ ಷರತ್ತು.

ವಾದಕರು ಹದಿಮೂರೇ ಮಂದಿ. ಆಲ್ಟೊ ಸ್ಯಾಕ್ಸೊಫೋನ್, ಬ್ಯಾಂಜೊ, ಹಾರ್ಪ್ಸಿಕಾರ್ಡ್, ನಮ್ಮ ನಾಟಕ ಕಂಪನಿಗಳವರಿಗೆ ನೆಂಟನಂಥ ಹಾರ್ಮೋನಿಯಂ ಎಲ್ಲ ಇವೆ. ಸ್ಯಾಕ್ಸೊಫೋನಿಗೆ ಇಲ್ಲಿ ಬೇರೆಯೇ ಅರ್ಥ: 1938ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ನಾಜಿಗಳು ‘ಕೆಟ್ಟುಹೋದ ಸಂಗೀತ’ದ ಪ್ರದರ್ಶನ ನಡೆಸಿದಾಗ ಅದರ ಪೋಸ್ಟರಿನಲ್ಲಿದ್ದದ್ದೇ ಈ ವಾದ್ಯ. ಈ ಸಿಡಿ ಬಂದ ಡೆಕ್ಕಾ ಸರಣಿಯ ಹೆಸರೂ ಅದೇ, ‘ಎಂಟಾರ್ಟೆಟೆ ಮ್ಯೂಜಿಕ್’.

ಕೇಳುವಾಗ ಮೂರು ಜಾಗದಲ್ಲಿ ಕಿವಿ ಇಡಿ. ಮೊದಲನೆಯದು ಶುರುವಿನಲ್ಲೇ, ಧ್ವನಿವರ್ಧಕದ ಪಾತ್ರ ‘ಹಲೋ ಹಲೋ’ ಎನ್ನುವಲ್ಲಿ. ಷಡ್ಜದಿಂದ ಪ್ರತಿಮಧ್ಯಮಕ್ಕೆ ಹಾರುವಷ್ಟು ದೂರದ ನೆಗೆತಗಳು. ಇದು ಚೆಕ್ ಸಂಯೋಜಕ ಯೋಸೆಫ್ ಸುಕ್ ತನ್ನ ಮಾವ, ಸಂಯೋಜಕ ದ್ವೋರ್ಝಾಕ್ ಮತ್ತು ಹೆಂಡತಿ ತೀರಿಕೊಂಡಾಗ ಬರೆದ ‘ಅಸ್ರಾಯೆಲ್’ ಸಿಂಫನಿಯ ಸಾವಿನ ಸ್ವರಗುಚ್ಛ. ಚೆಕ್ ಸಂಗೀತ ಬಲ್ಲವರಿಗೆ ಇದು ಏನು ಸುದ್ದಿ ಎಂದು ಅಲ್ಲೇ ಹೊಳೆದಿರುತ್ತದೆ.

ಎರಡನೆಯದು ತಮಟೆಗಾರ್ತಿಯ ಘೋಷಣೆ. ಬಹುಪರಾಕಿನ ಧಾಟಿಯಲ್ಲಿ ದೊರೆಯ ಬಿರುದಾವಳಿ. ‘ಎರಡೂ ಇಂಡಿಯಾಗಳ ಚಕ್ರವರ್ತಿ’ ಎಂಬುದೂ ಅದರಲ್ಲಿ ಸೇರಿದೆ! ಇದರ ಧಾಟಿ ಜರ್ಮನ್ ರಾಷ್ಟ್ರಗೀತೆಯದೇ, ಹೈಡನ್ ಆಸ್ಟ್ರಿಯಾದ ಚಕ್ರವರ್ತಿಗಾಗಿ ಕಟ್ಟಿದ ರಾಗ. ಉಲ್‌ಮನ್ ಅದನ್ನು ಫ್ರಿಜಿಯನ್ ಮೋಡ್‌ಗೆ ತಿರುಗಿಸಿದ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶಂಕರಾಭರಣದ ರಿ, ಗ, ಧ, ನಿ ನಾಲ್ಕನ್ನೂ ಒಂದೊಂದು ಮೆಟ್ಟಿಲು ಇಳಿಸಿ ಹನುಮತೋಡಿಯ ಸ್ವರಸ್ಥಾನಕ್ಕೆ ತಂದ ಹಾಗೆ. ಗಮಕ ಗಿಮಕ ಇಲ್ಲ, ಸ್ವರ ಮಾತ್ರ. ಪರಿಚಿತ ಗೀತೆ ಹುಳಿ ಹಿಡಿದಂತೆ ಕೇಳುತ್ತದೆ. ತಮಟೆಗಾರ್ತಿಯ ಪಾತ್ರ ಹಾಡಿರುವ ಈರಿಸ್ ವರ್ಮಿಲಿಯನ್ ಇಲ್ಲಿ ದನಿಯನ್ನು ಮೆದು ಮಾಡಿಲ್ಲ, ಅದೇ ಸರಿ.

ಮೂರನೆಯದು ಕೊನೆಯ ನಾಲ್ಕು ದನಿಗಳ ಕೋರಾಲ್, ಅಂದರೆ ಚರ್ಚಿನ ಸ್ತುತಿಗೀತೆಯ ಧಾಟಿಯ ಹಾಡು. ಮತಸುಧಾರಕ ಮಾರ್ಟಿನ್ ಲೂಥರ್‌ನ ಸ್ತುತಿಗೀತೆ ‘ಐನ್ ಫೆಸ್ಟೆ ಬುರ್ಗ್’ ಧಾಟಿಗೆ ‘ಬಾ ಸಾವೇ, ನಮ್ಮ ಗೌರವದ ಅತಿಥಿಯೇ’ ಎಂಬ ಮಾತು. ಝಾಗ್ರೊಸೆಕ್ ಇದನ್ನು ಎಳೆದಾಡದೆ ಮುಗಿಸುತ್ತಾರೆ.

ಸಾವಿನ ಪಾತ್ರಕ್ಕೆ ವಾಲ್ಟರ್ ಬೆರಿ. ಆಗ ಅರವತ್ತು ದಾಟಿದ್ದ ದನಿ, ನಿವೃತ್ತ ಹೆಡ್‌ಮಾಸ್ತರರ ಗತ್ತು. ಹಳೆಯ ಯುದ್ಧಗಳ ವೈಭವ ನೆನೆದು ಗೊಣಗುವಲ್ಲಿ ಅವರನ್ನು ಮೀರಿಸುವುದು ಕಷ್ಟ. ಚಕ್ರವರ್ತಿಯಾಗಿ ಮಿಖಾಯೆಲ್ ಕ್ರೌಸ್ ಚೊಕ್ಕಟ, ಆದರೆ ತುಸು ಸಭ್ಯ. ಕೊಠಡಿಯೊಳಗೆ ಕೂತು ಫೋನಿನಲ್ಲೇ ಲೋಕ ಆಳುವವನ ಹುಚ್ಚು ಇನ್ನಷ್ಟು ಬೇಕಿತ್ತು.

ಕೊಳ್ಳುವ ವಿಚಾರ. ಸೆಕೆಂಡ್‌ಹ್ಯಾಂಡ್ ಸಿಡಿ ಸಿಕ್ಕರೆ ಒಳಗೆ ಬುಕ್‌ಲೆಟ್ ಇದೆಯೇ ಎಂದು ಮೊದಲು ಕೇಳಿ. ಸಾಹಿತ್ಯ ಕೈಯಲ್ಲಿಲ್ಲದಿದ್ದರೆ ಅರ್ಧ ಹಾಸ್ಯ ಹೋಯಿತು. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಷಫಲ್ ಆಫ್ ಮಾಡಿ, ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲವಾದರೆ ಒಂದು ಟ್ರ್ಯಾಕಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ. ಹೆಡ್‌ಫೋನ್ ವಾಸಿ. ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ ಹಾರ್ಪ್ಸಿಕಾರ್ಡೂ ಬ್ಯಾಂಜೊವೂ ಒಂದೇ ಗಲಗಲ.

1944ರಲ್ಲಿ ತೆರೆಝೀನ್‌ನಲ್ಲಿ ಇದರ ತಾಲೀಮು ನಡೆಯಿತು, ಪ್ರದರ್ಶನ ಆಗಲಿಲ್ಲ. ಅಕ್ಟೋಬರ್ 16ರಂದು ಉಲ್‌ಮನ್‌ನನ್ನು ಆಶ್ವಿಟ್ಸ್ ಎಂಬ ಸಾವಿನ ಶಿಬಿರಕ್ಕೆ ಕಳಿಸಿದರು. ಹೊರಡುವ ಮುಂಚೆ ಹಸ್ತಪ್ರತಿಗಳನ್ನು ಘೆಟ್ಟೋದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಎಮಿಲ್ ಉಟಿಟ್ಸ್ ಕೈಗೆ ಕೊಟ್ಟಿದ್ದ. ಮೊದಲ ಪ್ರದರ್ಶನ 1975ರ ಡಿಸೆಂಬರ್ 16ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ.

ಡಿಸ್ಕಿನಲ್ಲಿ ಒಪೆರಾ ಮುಗಿದ ಮೇಲೆ ಜರ್ಮನ್ ಕವಿ ಹ್ಯೋಲ್ಡರ್ಲಿನ್ ಕವಿತೆಗಳಿಗೆ ಉಲ್‌ಮನ್ ಕಟ್ಟಿದ ಮೂರು ಹಾಡುಗಳಿವೆ, ವರ್ಮಿಲಿಯನ್ ದನಿ, ಪಿಯಾನೊ ಜೊತೆ. ತೆರೆಝೀನ್‌ನಲ್ಲೇ ಹುಟ್ಟಿದವು, ಸೊಗಸಾಗಿವೆ. ಆದರೆ ಕೋರಾಲ್ ಮುಗಿದ ತಕ್ಷಣ ಅವು ಶುರುವಾಗುವುದು ತಪ್ಪು ಜಾಗ. ಅಲ್ಲಿ ಸ್ಟಾಪ್ ಒತ್ತಿ, ಹಾಡುಗಳನ್ನು ಇನ್ನೊಂದು ದಿನ ಕೇಳಿ.