ಗರ್ಭಗುಡಿಗೆ ತಾಮ್ರ ಹೊದಿಸುವವರು ಗಮನಿಸಿ: ಚದರಡಿ ಲೆಕ್ಕಕ್ಕೆ ಒಪ್ಪಬೇಡಿ

ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಹಾಕಿರುವವರು ದಯವಿಟ್ಟು ಇದನ್ನು ಓದಿ, ನಿಮ್ಮ ಸಮಿತಿಯವರಿಗೂ ಓದಿಸಿ. ಉಡುಪಿ ಜಿಲ್ಲೆಯ ನಮ್ಮ ಊರಿನಲ್ಲಿ ಭಕ್ತರು ಕೊಟ್ಟ ಹಣದಿಂದ ಗರ್ಭಗುಡಿಯ ಮಾಡಿಗೆ, ಅಂದರೆ ಛಾವಣಿಗೆ, ತಾಮ್ರದ ಹೊದಿಕೆ ಮಾಡಿಸಿದೆವು. ಜೀರ್ಣೋದ್ಧಾರದ ಕೊನೆಗೆ ನಡೆಯುವ ಬ್ರಹ್ಮಕಲಶದ ಉತ್ಸವ ಮುಗಿದ ಮೇಲೆ ಎರಡನೇ ಮಳೆಗಾಲಕ್ಕೇ ಅದು ಸೋರಿತು. ಗುತ್ತಿಗೆ ಹಿಡಿದವರ ಹೆಸರು ಇಲ್ಲಿ ಬರೆಯುವುದಿಲ್ಲ. ಮೋಸ ಹೇಗೆ ನಡೆಯುತ್ತದೆ ಅನ್ನುವುದು ನಾಲ್ಕು ಜನರಿಗೆ ಗೊತ್ತಾಗಬೇಕು, ಅಷ್ಟೇ.

ಒಪ್ಪಂದದಲ್ಲಿ ಇದ್ದದ್ದು ಒಂದೇ ಸಾಲು. 24 ಗೇಜ್ (ಗೇಜ್ ಅಂದರೆ ತಗಡಿನ ದಪ್ಪದ ಅಳತೆ) ತಾಮ್ರದ ತಗಡು, ಚದರಡಿಗೆ ಇಷ್ಟು ರೂಪಾಯಿ, ಕೂಲಿ ಸೇರಿ. ಕರಾವಳಿಯಲ್ಲಿ ಎಷ್ಟೋ ಕಡೆ ಹೀಗೇ ಮಾತಾಡುತ್ತಾರೆ. ಕೇಳಲು ಸಲೀಸು, ದಾನಿಗಳಿಗೆ ಹೇಳಲೂ ಸುಲಭ: 'ಒಂದು ಚದರಡಿ ಕೊಡಿ, ಎರಡು ಚದರಡಿ ಕೊಡಿ'. ಆದರೆ ತಾಮ್ರ ಮಾರುಕಟ್ಟೆಗೆ ಬರುವುದು ಕೆಜಿ ಲೆಕ್ಕದಲ್ಲಿ. ಕೆಜಿಗೆ ಕೊಂಡು ಚದರಡಿಗೆ ಮಾರುವವನಿಗೆ ತಗಡು ತೆಳುವಾದಷ್ಟೂ ಲಾಭ. ಕೆಳಗೆ ನಿಂತು ನೋಡುವವರಿಗೆ ದಪ್ಪ ತಗಡೂ ಒಂದೇ, ತೆಳು ತಗಡೂ ಒಂದೇ. ಎರಡೂ ಹೊಳೆಯುತ್ತವೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ದಿನ ಅರ್ಚಕರು ಬಂದು, "ಮೇಲಿನ ಹಲಗೆ ಒದ್ದೆ ಉಂಟು, ಗೋಡೆಯಲ್ಲಿ ನೀರು ಇಳೀತಾ ಉಂಟು" ಅಂದರು. ಗುತ್ತಿಗೆದಾರರು ಫೋನಿನಲ್ಲಿ "ಅದು ಎರಚಲು, ಹೊಸ ಮಾಡಿನಲ್ಲಿ ಹಾಗೆ ಆಗ್ತದೆ" ಅಂದುಬಿಟ್ಟರು. ಮಳೆ ಬಿಟ್ಟ ಮೇಲೆ ತಾಮ್ರದ ಕೆಲಸದಲ್ಲೇ ತಲೆ ನರೆತ ಒಬ್ಬರನ್ನು ಬೇರೆ ಊರಿನಿಂದ ಕರೆಸಿದೆವು. ಅವರು ಅಟ್ಟಣಿಗೆ ಹತ್ತಿ ಮೊದಲು ಮಾಡಿದ ಕೆಲಸ, ಒಂದು ತಗಡಿನ ಅಂಚನ್ನು ಎತ್ತಿ, ದಪ್ಪ ಅಳೆಯುವ ಸ್ಕ್ರೂ ಗೇಜ್ ಉಪಕರಣದಲ್ಲಿ ಹಿಡಿದದ್ದು. 0.38 ಮಿ.ಮೀ. ಬಂತು. ಇನ್ನೊಂದು ಕಡೆ ಹಿಡಿದರೂ ಅಷ್ಟೇ. ಅದು 28 ಗೇಜ್.

ಈ ಗೇಜ್ ಲೆಕ್ಕ ತಲೆಕೆಳಗು. ಸಂಖ್ಯೆ ಜಾಸ್ತಿ ಆದಷ್ಟೂ ತಗಡು ತೆಳು. ಮೇಲಾಗಿ ಅದರಲ್ಲಿ ಒಂದಕ್ಕಿಂತ ಹೆಚ್ಚು ಪಟ್ಟಿಗಳಿವೆ. 24 ಗೇಜ್ ಅಂದರೆ ಬ್ರಿಟಿಷ್ ಪಟ್ಟಿಯಲ್ಲಿ 0.559 ಮಿ.ಮೀ., ಅಮೆರಿಕದ ಪಟ್ಟಿಯಲ್ಲಿ 0.511. ಹಾಗಾಗಿ ಗೇಜ್ ಮಾತೇ ಬೇಡ, ಬಿಲ್ಲಿನಲ್ಲಿ ಮಿ.ಮೀ. ಬರೆಸಿ. ಅದರ ಜೊತೆಗೆ ತೂಕ. ಒಂದು ಚದರ ಮೀಟರಿನ, ಒಂದು ಮಿ.ಮೀ. ದಪ್ಪದ ತಾಮ್ರ ಸುಮಾರು 9 ಕೆಜಿ ತೂಗುತ್ತದೆ. ಎರಡಡಿ ಅಗಲ, ನಾಲ್ಕಡಿ ಉದ್ದದ ಒಂದು ಹಾಳೆ ಬ್ರಿಟಿಷ್ ಪಟ್ಟಿಯ ನಿಜವಾದ 24 ಗೇಜ್ ಆಗಿದ್ದರೆ 3.7 ಕೆಜಿ ಇರಬೇಕು. 28 ಆದರೆ ಬರೀ 2.5 ಕೆಜಿ. ಮೂರರಲ್ಲಿ ಒಂದು ಪಾಲು ತಾಮ್ರ ನಮ್ಮ ಮಾಡಿಗೆ ಬರಲೇ ಇಲ್ಲ. ಯಾವ ಉಪಕರಣವೂ ಬೇಕಿಲ್ಲ, ದಿನಸಿ ಅಂಗಡಿಯ ತಕ್ಕಡಿ ಸಾಕು ಇದನ್ನು ಹಿಡಿಯಲು.

ಬರೀ ತೆಳುವಾದದ್ದಕ್ಕೆ ಸೋರಿದ್ದಲ್ಲ. ಆ ತಗಡು ಗಡುಸು ಕೂಡ. ತಾಮ್ರವನ್ನು ರೋಲರಿನಲ್ಲಿ ಎಳೆದಷ್ಟೂ, ಸುತ್ತಿಗೆಯಲ್ಲಿ ಬಡಿದಷ್ಟೂ ಗಡುಸಾಗುತ್ತದೆ. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ನೀರಿಗೆ ಅದ್ದಿದರೂ ಉಕ್ಕಿನ ಹಾಗೆ ಗಟ್ಟಿಯಾಗುವುದಿಲ್ಲ. ಮಾಡಿಗೆ ಹೊದಿಸುವಾಗ ಎರಡು ಹಾಳೆಗಳ ಅಂಚನ್ನು ಒಂದರೊಳಗೊಂದು ಮಡಿಸಿ, ಮತ್ತೊಮ್ಮೆ ಮಡಿಸಿ ಬಡಿಯಬೇಕು. ಆಗ ನೀರು ಒಳಗೆ ಬರುವುದಿಲ್ಲ. ಗಡುಸು ತಗಡು ಎರಡನೇ ಮಡಿಕೆಗೆ ಸೀಳುತ್ತದೆ. ನಮ್ಮಲ್ಲಿ ಕೆಲಸದವರು ಮಡಿಸಲು ಹೋಗಲೇ ಇಲ್ಲ. ಹಾಳೆಯ ಮೇಲೆ ಹಾಳೆ ಎರಡಿಂಚು ಹತ್ತಿಸಿ, ಮೊಳೆ ಹೊಡೆದು, ಸಂದಿಗೆ ಗೋಂದು ಇರುವ ತೆಳು ತಾಮ್ರದ ಪಟ್ಟಿ ಅಂಟಿಸಿದ್ದಾರೆ. ಕರಕುಶಲದವರು ಗಾಜಿನ ಕೆಲಸಕ್ಕೆ ಬಳಸುವ ಫಾಯಿಲ್ ಟೇಪ್ ಇರುತ್ತದಲ್ವಾ, ಆ ಜಾತಿಯದ್ದು. ಆ ಹಿರಿಯರು ಉಗುರಿನಲ್ಲಿ ಅದರ ತುದಿ ಎತ್ತಿದರು, ಉದ್ದಕ್ಕೆ ಸಲೀಸಾಗಿ ಎದ್ದುಬಂತು. ಅಡಿಯ ಗೋಂದು ಕಪ್ಪಗೆ ಪುಡಿಯಾಗಿತ್ತು, ಅದರ ಮಧ್ಯೆ ಹಸಿರು ಪಾಚಿ, ಒಂದಷ್ಟು ಇರುವೆಗಳು. ಕರಾವಳಿಯ ಬಿಸಿಲು, ಮಳೆ ಎರಡನ್ನೂ ತಡೆಯುವ ಗೋಂದು ಅದಲ್ಲ. ಇನ್ನೂ ಕೆಲವು ಕಡೆ ಅಂಟಿಸಿದ್ದು ತಾಮ್ರವೂ ಅಲ್ಲ, ತಾಮ್ರದ ಬಣ್ಣದ ಪ್ಲಾಸ್ಟಿಕ್. ಬೆಂಕಿಕಡ್ಡಿ ಹಿಡಿದ ಕೂಡಲೇ ಮುದುಡಿಕೊಂಡಿತು.

ಮೊಳೆಗಳ ಕತೆ ಇನ್ನೂ ಬೇಸರದ್ದು. ಎಲ್ಲವೂ ಕಬ್ಬಿಣದವು, ಮೇಲೆ ಸತುವಿನ ಲೇಪ. ಒಂದನ್ನು ಇಕ್ಕಳದಲ್ಲಿ ಹಿಡಿದ ಕೂಡಲೇ ತಲೆ ಮುರಿದು ಕೈಗೆ ಬಂತು. ಹಲಗೆಯೊಳಗೆ ಉಳಿದದ್ದನ್ನು ಕಿತ್ತು ನೋಡಿದರೆ, ತಾಮ್ರ ತಾಗುವ ಜಾಗದಲ್ಲಿ ಸವೆದು ಸೂಜಿಯಷ್ಟಾಗಿದೆ, ಸುತ್ತಲಿನ ಮರಕ್ಕೆ ಕಪ್ಪು ಕಲೆ ಇಳಿದಿದೆ. ತಾಮ್ರ, ಕಬ್ಬಿಣ ಎರಡೂ ಒಂದಕ್ಕೊಂದು ತಾಗಿ ನಡುವೆ ನೀರು ನಿಂತರೆ ಬ್ಯಾಟರಿಯಲ್ಲಿ ಆಗುವ ಕ್ರಿಯೆಯೇ ಅಲ್ಲೂ ಆಗುತ್ತದೆ, ಕಬ್ಬಿಣ ಕರಗುತ್ತಾ ಹೋಗುತ್ತದೆ. ಸಮುದ್ರದ ಉಪ್ಪುಗಾಳಿ ಇದ್ದರೆ ಇನ್ನೂ ಬೇಗ. ಇದೇನು ಹೊಸ ವಿಷಯವಲ್ಲ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಅನ್ನುವ ಹಡಗಿನ ತಳಕ್ಕೆ ತಾಮ್ರ ಹೊದಿಸಿ, 1763ರಲ್ಲಿ ಬಿಚ್ಚಿ ನೋಡಿದಾಗ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯದ್ದೂ ಇದೇ ತೊಂದರೆ. ಹೊರಗೆ ತಾಮ್ರದ ತಗಡು, ಒಳಗೆ ಕಬ್ಬಿಣದ ಪಟ್ಟಿಗಳು. ನಡುವೆ ಇಟ್ಟಿದ್ದ ಪದರ ಹಾಳಾಗಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿತು. 1980ರ ದಶಕದಲ್ಲಿ ಆ ಪಟ್ಟಿಗಳನ್ನು ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕಾಯಿತು. ಇಷ್ಟು ಹಳೆಯ ಪಾಠ, ತಾಮ್ರದ ಗುತ್ತಿಗೆ ಹಿಡಿಯುವವರಿಗೆ ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ತಾಮ್ರದ ಮೊಳೆಗೆ ದುಡ್ಡು ಜಾಸ್ತಿ, ಅದಕ್ಕೇ ಹಾಕಲಿಲ್ಲ.

ಸರಿಯಾದ ಕ್ರಮದಲ್ಲಿ ಹಾಳೆಗೆ ಮೊಳೆ ಹೊಡೆಯುವುದೇ ಇಲ್ಲ. ಅದೇ ತಾಮ್ರದಿಂದ ಕತ್ತರಿಸಿದ ಗಿಡ್ಡ ಪಟ್ಟಿಗಳನ್ನು ತಾಮ್ರದ ಮೊಳೆಯಿಂದ ಹಲಗೆಗೆ ಬಿಗಿದು, ಅವುಗಳ ಇನ್ನೊಂದು ತುದಿಯನ್ನು ಹಾಳೆಯ ಮಡಿಕೆಯೊಳಗೆ ಸೇರಿಸಿ ಮಡಿಸುತ್ತಾರೆ. ಹಾಳೆಗೆ ತೂತು ಬೀಳುವುದಿಲ್ಲ, ಅಲುಗಾಡಲು ಚೂರು ಜಾಗವೂ ಉಳಿಯುತ್ತದೆ. ಆ ಜಾಗ ಬೇಕೇ ಬೇಕು. ಮೂರು ಮೀಟರ್ ಉದ್ದದ ತಾಮ್ರ, ಬಿಸಿ 40 ಡಿಗ್ರಿ ಏರಿದರೆ 2 ಮಿ.ಮೀ. ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಮೊಳೆ ಹೊಡೆದು ಕಟ್ಟಿಹಾಕಿದರೆ ದಿನಾ ಎಳೆದಾಡಿ ತೂತೇ ದೊಡ್ಡದಾಗುತ್ತದೆ. ನಮ್ಮ ಮಾಡಿನಲ್ಲಿ ತೂತುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು.

ಸೋರಿಕೆ ನಿಲ್ಲಿಸುತ್ತೇವೆ ಅಂತ ಸಿಲಿಕೋನ್ ಬಳಿಯಲು ಬರುವವರೂ ಇದ್ದಾರೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರಕ್ಕೆ ಆಗದು, ಅದರಿಂದ ಹೊರಬರುವ ಆಮ್ಲ ತಾಮ್ರವನ್ನೇ ತಿನ್ನುತ್ತದೆ. ಹಾಗೆಯೇ ತಾಮ್ರದ ಮಾಡಿನಿಂದ ಇಳಿಯುವ ನೀರು ಸುತ್ತುಪೌಳಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನ ಮೇಲೋ, ನೀರು ಹರಿಯುವ ಜಿಐ ದಂಬೆಯ ಮೇಲೋ ಬೀಳದ ಹಾಗೆ ನೋಡಿಕೊಳ್ಳಿ. ಆ ನೀರಿನಲ್ಲಿ ತಾಮ್ರದ ಅಂಶ ಇರುತ್ತದೆ, ಸತುವಿನ ಲೇಪ ಬೇಗ ಹೋಗುತ್ತದೆ.

ತಗಡು ಬಂದ ದಿನ ಸಮಿತಿಯ ಒಬ್ಬರಾದರೂ ಅಲ್ಲೇ ಇರಿ. ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಒಳಗೆ ಕಬ್ಬಿಣ ಉಂಟು. ಅರದಲ್ಲಿ ಮೂಲೆ ಉಜ್ಜಿ, ಒಳಗೂ ಅದೇ ಕೆಂಪು ಬಣ್ಣ ಇರಬೇಕು. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲಿನ ಲೇಪ. ಆಮೇಲೆ ಒಂದು ಮೂಲೆಯನ್ನು ಪೂರ್ತಿ ಮಡಿಸಿ ಬಡಿದು ಬಿಡಿಸಿ ನೋಡಿ. ಮಡಿಕೆಯಲ್ಲಿ ಬಿರುಕು ಕಂಡರೆ ಆ ಲೋಡು ವಾಪಸು ಕಳಿಸಿ. "ಅಷ್ಟು ದೂರದಿಂದ ತಂದಿದ್ದೇವೆ" ಅನ್ನುತ್ತಾರೆ. ಅನ್ನಲಿ ಬಿಡಿ.

ದೇವರ ಕೆಲಸಕ್ಕೆ ಅನುಮಾನ ಪಡಬಾರದು ಅಂತ ಹೇಳುವ ಹಿರಿಯರು ನಮ್ಮಲ್ಲೂ ಇದ್ದರು. ಬೀಡಿ ಕಟ್ಟಿದ ದುಡ್ಡಿನಲ್ಲಿ ಒಂದು ಚದರಡಿ ತಾಮ್ರ ಕೊಟ್ಟ ಅಮ್ಮಂದಿರೂ ನಮ್ಮೂರಲ್ಲಿ ಇದ್ದಾರೆ. ಆ ತಾಮ್ರ ತೂಕಕ್ಕೆ ಸರಿಯಾಗಿ ಬಂದಿದೆಯೋ ಅಂತ ನೋಡುವುದು ಅನುಮಾನವಲ್ಲ, ಸಮಿತಿಯ ಕೆಲಸ.

ಈಗ ಮೇಲಿನ ಮಾಡನ್ನು ಪೂರ್ತಿ ಬಿಚ್ಚಿಸಿ ಹೊಸದಾಗಿ ಮಾಡಿಸುತ್ತಿದ್ದೇವೆ. ಈ ಸಲ ಒಪ್ಪಂದ ಕೆಜಿ ಲೆಕ್ಕದಲ್ಲಿ, ಕೂಲಿ ಬೇರೆ. ದಪ್ಪ, ಮೊಳೆ, ಮಡಿಕೆ ಎಲ್ಲವನ್ನೂ ಬರೆಸಿದ್ದೇವೆ. ಕೂಲಿಯ ಒಂದು ಪಾಲು ಮಳೆಗಾಲ ಕಳೆದ ಮೇಲೆ. ಕತ್ತರಿಸಿ ಉಳಿದ ತುಂಡುಗಳನ್ನೂ ತೂಗಿ ದೇವಸ್ಥಾನಕ್ಕೇ ವಾಪಸು ಪಡೆಯುತ್ತಿದ್ದೇವೆ. ಗುಜರಿಗೆ ಹಾಕಿದರೂ ತಾಮ್ರಕ್ಕೆ ಒಳ್ಳೆಯ ಬೆಲೆ ಉಂಟು, ನೀವೂ ಬಿಡಬೇಡಿ.