ಸದ್ದಡಗಿದ ಪುಟ್ಟ ಲ್ಯಾಪ್‌ಟಾಪ್: ಎಸ್‌ಎಸ್‌ಡಿ ಹಾಕಿದ ಮೇಲಿನ ಆರು ವರ್ಷ

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಸುತ್ತುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಧನ) ಹಾಕಿದ ಮೊದಲ ರಾತ್ರಿ ಹೆಂಡತಿ ಒಳಗಿನಿಂದ ಮೆಲ್ಲಗೆ ಕೇಳಿದಳು: “ಏನ್ರೀ, ಇವತ್ತು ಆಟವಿಲ್ಲವೇ?” ಅಷ್ಟು ಹೊತ್ತಿಗೆ ಲ್ಯಾಪ್‌ಟಾಪ್ ಪೂರ್ತಿ ತೆರೆದುಕೊಂಡು, ಆಟವೂ ಶುರುವಾಗಿ, ನಾನು ಹಿಮದ ಬೆಟ್ಟವೊಂದನ್ನು ಅರ್ಧ ಹತ್ತಿದ್ದೆ. ಅವಳಿಗೆ ಅದು ಗೊತ್ತಾಗದಿದ್ದುದಕ್ಕೆ ಕಾರಣ, ಮೂರು ವರ್ಷಗಳಿಂದ ಪ್ರತಿ ರಾತ್ರಿ ಕೇಳಿಸುತ್ತಿದ್ದ ಕರಕರ ಸದ್ದು ಅಂದು ಇರಲಿಲ್ಲ.

ಎಸ್‌ಎಸ್‌ಡಿ ಎಂದರೆ ವೇಗ ಎಂದು ಎಲ್ಲರೂ ಬರೆಯುತ್ತಾರೆ. ನಾನೂ ವೇಗಕ್ಕಾಗಿಯೇ ದುಡ್ಡು ಕೊಟ್ಟೆ. ಆರು ವರ್ಷ ಬಳಸಿದ ಮೇಲೆ ನಾನು ಹೇಳಬೇಕೆನಿಸಿರುವುದು ಮಾತ್ರ ಮೌನದ ಬಗ್ಗೆ.

ನಮ್ಮದು ಶಿವಮೊಗ್ಗದಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ. ಆಗ ಮಗಳಿಗೆ ಮೂರು ವರ್ಷ. ಅವಳು ಮಲಗಿದ ಮೇಲೆ, ರಾತ್ರಿ ಹತ್ತು ಗಂಟೆಯ ನಂತರ ನನಗೆ ಸಿಗುತ್ತಿದ್ದುದು ನಲವತ್ತು ನಿಮಿಷ. ಲ್ಯಾಪ್‌ಟಾಪ್ 11.6 ಇಂಚಿನದು. 2010ರಲ್ಲಿ ಏಲಿಯನ್‌ವೇರ್ ಎಂ11ಎಕ್ಸ್ ಬಂದ ಮೇಲೆ, ಚೀಲದಲ್ಲಿ ಹಿಡಿಸುವಷ್ಟು ಚಿಕ್ಕದಾದರೂ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪುಗಳ ಒಂದು ಸಣ್ಣ ಕುಲವೇ ಹುಟ್ಟಿತಲ್ಲ, ನನ್ನದು ಅದೇ ಕುಲದ, ಬೇರೆ ತಯಾರಕರ 2012ರ ಯಂತ್ರ. ಒಳಗೆ ಜಿಟಿ 650ಎಂ ಎಂಬ ಗ್ರಾಫಿಕ್ಸ್ ಚಿಪ್ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 2016ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಹೊಸ ಗೇಮಿಂಗ್ ಲ್ಯಾಪ್‌ಟಾಪಿಗೆ ಅರವತ್ತು ಸಾವಿರ ಹಾಕುವ ಸ್ಥಿತಿಯಲ್ಲಿ ನಾನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಈ ವಿಮರ್ಶೆಯನ್ನು ಆ ಲೆಕ್ಕದಲ್ಲೇ ಓದಬೇಕು.

ಹಾರ್ಡ್ ಡಿಸ್ಕ್ ಇದ್ದಾಗ ನನ್ನ ರಾತ್ರಿಯ ಕ್ರಮ ಹೀಗಿತ್ತು. ಮೊದಲು ಲ್ಯಾಪ್‌ಟಾಪಿನ ಗುಂಡಿ ಒತ್ತುವುದು. ಬಳಿಕ ಅಡುಗೆಮನೆಗೆ ಹೋಗಿ ಗ್ಯಾಸ್ ಬಂದ್ ಮಾಡಿ, ಹಾಲಿನ ಪಾತ್ರೆ ಮುಚ್ಚಿ, ನೀರಿನ ಬಾಟಲಿ ತುಂಬಿಸುವುದು. ಮುಂಬಾಗಿಲ ಚಿಲಕ ಹಾಕಿ, ಹೊರಗಿನ ದೀಪ ಆರಿಸಿ ಬರುವಷ್ಟರಲ್ಲಿ ಪರದೆಯ ಮೇಲೆ ಚಿತ್ರ ಮೂಡಿರುತ್ತಿತ್ತು, ಆದರೆ ಏನನ್ನೂ ಮುಟ್ಟುವಂತಿರಲಿಲ್ಲ. ಡಿಸ್ಕ್ ಬಳಕೆ ನೂರಕ್ಕೆ ನೂರು. ಕರಕರ, ಕಟಕಟ, ಮತ್ತೆ ಕರಕರ. ಹಗಲಿನಲ್ಲಿ ಯಾರ ಗಮನಕ್ಕೂ ಬಾರದ ಸದ್ದು ಅದು. ಮಗು ಮಲಗಿದ ಮನೆಯಲ್ಲಿ, ಮೇಜಿನ ಮರದ ಹಲಗೆಗೆ ತಾಗಿ, ಗೋಡೆಯೊಳಗೆ ಇಲಿ ಕೆರೆದಂತೆ ಕೇಳುತ್ತಿತ್ತು. ನಾನು ಲ್ಯಾಪ್‌ಟಾಪಿನ ಕೆಳಗೆ ಹಳೆಯ ಟವೆಲ್ ಮಡಿಸಿ ಇಡುತ್ತಿದ್ದೆ. ಗಾಳಿ ಬರುವ ಕಿಂಡಿಗಳು ಮುಚ್ಚಿ ಯಂತ್ರ ಕಾಯುತ್ತದೆ ಎಂದು ತಿಳಿದೂ ಇಡುತ್ತಿದ್ದೆ.

ಸದ್ದು ಮತ್ತು ನಿಧಾನ, ಎರಡರ ಮೂಲವೂ ಒಂದೇ. 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಡಿಸ್ಕ್ ಸೆಕೆಂಡಿಗೆ 90 ಸುತ್ತು ಸುತ್ತುತ್ತದೆ. ಬೇಕಾದ ತುಣುಕು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು ಐದೂವರೆ ಮಿಲಿಸೆಕೆಂಡ್ ಕಾಯಬೇಕು. ತಲೆಯೇ ಒಂದು ಜಾಡಿನಿಂದ ಇನ್ನೊಂದಕ್ಕೆ ಸರಿಯಲು ಇನ್ನೂ ಹತ್ತು ಹನ್ನೆರಡು ಮಿಲಿಸೆಕೆಂಡ್. ಆ ಸರಿದಾಟದ ಸದ್ದೇ ಕರಕರ. ಅಲ್ಲಲ್ಲಿ ಚೆದುರಿದ ತುಣುಕುಗಳನ್ನು ಹೀಗೆ ಹುಡುಕಿ ಓದಿದರೆ ಸೆಕೆಂಡಿಗೆ ನೂರು ಕೂಡ ದಾಟುವುದಿಲ್ಲ. ವಿಂಡೋಸ್ ಶುರುವಾಗುವಾಗ ಕೇಳುವುದು ಇಂಥ ಸಾವಿರಾರು ತುಣುಕುಗಳನ್ನು. ಎಸ್‌ಎಸ್‌ಡಿಯಲ್ಲಿ ಸುತ್ತುವ, ಸರಿಯುವ ಭಾಗವೇ ಇಲ್ಲದ್ದರಿಂದ ಅದು ಸೆಕೆಂಡಿಗೆ ಹತ್ತಾರು ಸಾವಿರ ತುಣುಕುಗಳನ್ನು ಕೊಡಬಲ್ಲದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಸೆಕೆಂಡಿಗೆ 560 ಎಂಬಿ ಎಂಬ ಅಂಕಿಗಿಂತ ದಿನನಿತ್ಯದಲ್ಲಿ ಅನುಭವಕ್ಕೆ ಬರುವುದು ಇದು.

ನಾನು ಕೊಂಡದ್ದು ಕ್ರೂಷಿಯಲ್ ಎಂಎಕ್ಸ್500, 500 ಜಿಬಿ. ಬೆಲೆ ಐದು ಸಾವಿರದ ಚಿಲ್ಲರೆ. 2019ರ ಆಯುಧಪೂಜೆಯ ಹಿಂದಿನ ಸಂಜೆ ನಾನೇ ಜೋಡಿಸಿದೆ. ಕೆಳಗಿನ ಮುಚ್ಚಳದ ಸ್ಕ್ರೂಗಳಲ್ಲಿ ಒಂದರ ತಲೆ ಸವೆದು ಸ್ಕ್ರೂಡ್ರೈವರ್ ಜಾರುತ್ತಿತ್ತು. ಅಗಲವಾದ ರಬ್ಬರ್ ಬ್ಯಾಂಡ್ ನಡುವೆ ಇಟ್ಟು ಒತ್ತಿ ತಿರುಗಿಸಿದಾಗ ಬಿಟ್ಟುಕೊಟ್ಟಿತು. ಹಳೆಯ ಡಿಸ್ಕಿನ ದಪ್ಪ ಒಂಬತ್ತೂವರೆ ಮಿಲಿಮೀಟರ್, ಹೊಸದರದ್ದು ಏಳು. ಡಬ್ಬಿಯಲ್ಲಿ ಕೊಟ್ಟಿದ್ದ ಪ್ಲಾಸ್ಟಿಕ್ ಚೌಕಟ್ಟನ್ನು ಅಂಟಿಸಿದ ಮೇಲೆ ಅಲುಗಾಡದೆ ಕೂತಿತು. ಹಳೆಯದನ್ನು ಇದ್ದಂತೆಯೇ ನಕಲು ಮಾಡದೆ ವಿಂಡೋಸ್ 10 ಹೊಸದಾಗಿ ಹಾಕಿದೆ. ಅದಕ್ಕೆ ಮೊದಲು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್) ಸಾಟಾ ಕ್ರಮ, ಎಂದರೆ ಡಿಸ್ಕಿನೊಡನೆ ಯಂತ್ರ ಮಾತಾಡುವ ರೀತಿ, ಎಎಚ್‌ಸಿಐ ಎಂದಿದೆಯೇ ಎಂದು ನೋಡಿಕೊಂಡೆ. ಹಳೆಯ ಯಂತ್ರಗಳಲ್ಲಿ ಅದು ಕೆಲವೊಮ್ಮೆ ಐಡಿಇ ಎಂಬ ಹಳೆಯ ಕ್ರಮದಲ್ಲಿರುತ್ತದೆ. ಹಾಗೆ ಬಿಟ್ಟರೆ ಎಸ್‌ಎಸ್‌ಡಿಯ ಶಕ್ತಿ ಪೂರ್ತಿ ಸಿಗುವುದಿಲ್ಲ. ಮರುದಿನ ಪೂಜೆಯಲ್ಲಿ ಮಗಳು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕುಂಕುಮ ಇಟ್ಟಳು. ಅದರ ಕಲೆ ಇಂದಿಗೂ ಪೂರ್ತಿ ಹೋಗಿಲ್ಲ, ಹೋಗುವುದೂ ನನಗೆ ಬೇಡ.

ಈಗ ಕ್ರಮ ತಿರುವುಮುರುವಾಗಿದೆ. ಗ್ಯಾಸ್, ಹಾಲು, ಚಿಲಕ, ದೀಪ ಎಲ್ಲ ಮುಗಿಸಿ ಬಂದು ಕೂತು ಆಮೇಲೆ ಗುಂಡಿ ಒತ್ತುತ್ತೇನೆ. ನೀರು ಎರಡು ಗುಟುಕು ಕುಡಿಯುವಷ್ಟರಲ್ಲಿ ಯಂತ್ರ ಸಿದ್ಧ. ನಾನು ಹೆಚ್ಚಾಗಿ ಆಡುವುದು ಸ್ಕೈರಿಮ್ ಎಂಬ ಸಾಹಸದ ಆಟ. ಅದರಲ್ಲಿ ಪ್ರತಿ ಬಾಗಿಲು ದಾಟಿದಾಗಲೂ ಕಾಯುವ ಪರದೆ ಬರುತ್ತದೆ. ಕತ್ತಿಯೋ ವಿಗ್ರಹವೋ ತೋರಿಸಿ, ಆ ಲೋಕದ ಬಗ್ಗೆ ನಾಲ್ಕು ಸಾಲು ಬರೆದಿರುತ್ತಾರೆ. ಹಿಂದೆ ಒಂದೊಂದನ್ನೂ ಮೂರು ಬಾರಿ ಓದುವಷ್ಟು ಸಮಯವಿತ್ತು. ಈಗ ಮೊದಲ ಸಾಲು ಮುಗಿಯುವ ಮುನ್ನ ಬಾಗಿಲಾಚೆ ಇರುತ್ತೇನೆ. ಮಳೆಗಾಲದ ವಿದ್ಯುತ್ ಕಡಿತವೂ ಹೆದರಿಕೆಯ ವಿಷಯವಾಗಿ ಉಳಿದಿಲ್ಲ. ಬ್ಯಾಟರಿ ಕಾಲು ಗಂಟೆ ಮಾತ್ರ ಬರುತ್ತದೆ ನಿಜ, ಆದರೆ ಹೈಬರ್ನೇಟ್ ಮಾಡಲು (ತೆರೆದದ್ದನ್ನೆಲ್ಲ ಡಿಸ್ಕಿನಲ್ಲಿ ಉಳಿಸಿ ಯಂತ್ರ ಆರಿಸಲು) ಅರ್ಧ ನಿಮಿಷವೂ ಬೇಡ.

ಇಷ್ಟಕ್ಕೇ ನಿಲ್ಲಿಸಿದರೆ ಓದುಗರಿಗೆ ಅನ್ಯಾಯವಾದೀತು. ಹಾರ್ಡ್ ಡಿಸ್ಕ್ ಸುಮ್ಮನಾದ ಮೇಲೆ ನನಗೆ ಫ್ಯಾನ್ ಕೇಳಿಸತೊಡಗಿತು. ಆಟ ಶುರುವಾಗಿ ಕಾಲು ಗಂಟೆಗೆ ಅದು ಏರುದನಿಯಲ್ಲಿ ಹಾಡುತ್ತದೆ. ಮೊದಲೂ ಇದ್ದಿರಲೇಬೇಕು, ಕರಕರದ ನಡುವೆ ಅದರ ಕಡೆ ಗಮನ ಹೋಗಿರಲಿಲ್ಲ. ಪ್ರೊಸೆಸರ್ 92 ಡಿಗ್ರಿ ಮುಟ್ಟುತ್ತಿತ್ತು. ಇಷ್ಟು ಚಿಕ್ಕ ಮೈಯೊಳಗೆ ಪ್ರೊಸೆಸರ್, ಗ್ರಾಫಿಕ್ಸ್ ಎರಡರ ಶಾಖವನ್ನೂ ಒಂದೇ ಫ್ಯಾನ್ ಹೊರಹಾಕಬೇಕು. ಎಸ್‌ಎಸ್‌ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೆಲವು ತಿಂಗಳು ಇದು ನನ್ನನ್ನು ನಿಜಕ್ಕೂ ಕಾಡಿತು, ಖರೀದಿಯೇ ವ್ಯರ್ಥವಾಯಿತೇನೋ ಎನ್ನುವಷ್ಟು. ಕೊನೆಗೆ ಮುಚ್ಚಳ ಮತ್ತೆ ತೆಗೆದು, ರೆಕ್ಕೆಗಳ ಹಿಂದೆ ಹತ್ತಿಯಂತೆ ಕಟ್ಟಿದ್ದ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದೆ. ಹತ್ತು ಡಿಗ್ರಿ ಇಳಿಯಿತು. ಫ್ಯಾನಿನ ದನಿ ತಗ್ಗಿತು, ಅಡಗಲಿಲ್ಲ.

ಎಸ್‌ಎಸ್‌ಡಿಯಿಂದ ಆಟದ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕೂಡ ಹೆಚ್ಚುವುದಿಲ್ಲ. ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಚಿಪ್, ಅದು ಹಳೆಯದೇ ಆಗಿ ಉಳಿಯುತ್ತದೆ. ಲೋಡ್ ಆಗುವ ಹೊತ್ತೂ ಯಾವಾಗಲೂ ಡಿಸ್ಕಿನ ತಪ್ಪಾಗಿರುವುದಿಲ್ಲ. ಜಿಟಿಎ ಆನ್‌ಲೈನ್ ಆಟದ ದೀರ್ಘ ಕಾಯುವಿಕೆಗೆ, ಸುಮಾರು 10 ಎಂಬಿಯ ಒಂದು ಪಟ್ಟಿಯನ್ನು ಆಟ ಅತ್ಯಂತ ನಿಧಾನದ ಕ್ರಮದಲ್ಲಿ ಓದುತ್ತಿದ್ದುದು ದೊಡ್ಡ ಕಾರಣ ಎಂದು 2021ರಲ್ಲಿ ಆಟಗಾರನೊಬ್ಬ ಪತ್ತೆಹಚ್ಚಿದ. ಕಂಪನಿ ಒಪ್ಪಿಕೊಂಡು ಸರಿಪಡಿಸಿ, ಅವನಿಗೆ ಹತ್ತು ಸಾವಿರ ಡಾಲರ್ ಬಹುಮಾನವನ್ನೂ ಕೊಟ್ಟಿತು. ಅಂಥ ಕಡೆ ಎಷ್ಟು ದುಬಾರಿ ಎಸ್‌ಎಸ್‌ಡಿ ಹಾಕಿದರೂ ಪ್ರಯೋಜನ ಕಡಿಮೆ.

ಅಗ್ಗದ ಎಸ್‌ಎಸ್‌ಡಿಯ ಆಸೆಯ ಬಗ್ಗೆ ಒಂದು ಮಾತು. ನನ್ನದನ್ನು ನೋಡಿ ನಮ್ಮ ಭಾವನವರು ತಮ್ಮ ಲ್ಯಾಪ್‌ಟಾಪಿಗೂ ಹಾಕಿಕೊಡು ಎಂದರು. ಸಾವಿರ ರೂಪಾಯಿ ಉಳಿಯುತ್ತದೆಂದು ಬೇರೊಂದು ಕಂಪನಿಯದನ್ನು ನಾನೇ ಆರಿಸಿಕೊಟ್ಟೆ. ಅದರಲ್ಲಿ ಡಿರ್‍ಯಾಮ್ (ಎಸ್‌ಎಸ್‌ಡಿಯೊಳಗಿನ ವೇಗದ ತಾತ್ಕಾಲಿಕ ಸ್ಮರಣೆ) ಇರಲಿಲ್ಲ. ಅರವತ್ತು ಜಿಬಿಯ ಆಟ ನಕಲು ಮಾಡುವಾಗ ಆರಂಭದಲ್ಲಿ ಸೆಕೆಂಡಿಗೆ 400 ಎಂಬಿ ತೋರಿಸಿತು. ಬರೆಯುವುದನ್ನು ಮೊದಲು ಹಿಡಿದಿಡುವ ವೇಗದ ಭಾಗ, ಎಂದರೆ ಕ್ಯಾಶ್, ತುಂಬಿದ ಕೂಡಲೇ 50ಕ್ಕೆ ಬಿತ್ತು. ಅವರ ಹಳೆಯ ಹಾರ್ಡ್ ಡಿಸ್ಕೇ ಇದಕ್ಕಿಂತ ಬೇಗ ಬರೆಯುತ್ತಿತ್ತು. ಭಾವನವರು ಏನೂ ಅನ್ನಲಿಲ್ಲ, ನನಗೇ ಮನಸ್ಸಿಗೆ ಕಸಿವಿಸಿಯಾಯಿತು. ದೊಡ್ಡ ಫೈಲುಗಳನ್ನು ಆಗಾಗ ಬರೆಯುವವರು ಆ ಸಾವಿರ ಉಳಿಸಬೇಡಿ.

ನನ್ನದರ ಆರೋಗ್ಯ ಚೆನ್ನಾಗಿದೆ. ತಯಾರಕರು ಹೇಳುವ ಬರವಣಿಗೆಯ ಮಿತಿ 180 ಟಿಬಿ. ಆರು ವರ್ಷದಲ್ಲಿ ನಾನು ಬರೆದದ್ದು 31. ಐದು ವರ್ಷದ ವಾರಂಟಿ 2024ರಲ್ಲೇ ಮುಗಿಯಿತು. ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಈಗ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ, ಸ್ಕೈರಿಮ್ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ತಂತ್ರಾಂಶ) ಮೂಲಕ ನಡೆಯುತ್ತಿದೆ.

ಮೌನಕ್ಕೆ ಇನ್ನೊಂದು ಮುಖವಿದೆ. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಎಷ್ಟೋ ಬಾರಿ ಸದ್ದಿನಲ್ಲೇ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ನಿನ್ನೆ ಸರಿಯಿದ್ದು ಇಂದು ಕಾಣಿಸದೇ ಹೋಗಬಹುದು, ಅದರೊಳಗಿನದನ್ನು ಮರಳಿ ಪಡೆಯುವುದೂ ಕಷ್ಟ. ಆದ್ದರಿಂದ ತೆಗೆದ ಹಳೆಯ ಡಿಸ್ಕನ್ನು ನಾನು ಎಸೆಯಲಿಲ್ಲ. ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ಪ್ರತಿ ತಿಂಗಳ ಮೊದಲ ಭಾನುವಾರ ಹೊರತೆಗೆದು, ಮಗಳ ಫೋಟೊಗಳನ್ನೂ ನನ್ನ ಸ್ಕೈರಿಮ್ ಪಯಣವನ್ನೂ ಅದಕ್ಕೆ ನಕಲು ಮಾಡುತ್ತೇನೆ. ಮಗಳಿಗೀಗ ಒಂಬತ್ತು ವರ್ಷ. ಕೇಸಿನ ಮೇಲೆ ಕಿವಿಯಿಟ್ಟು ಕೂರುತ್ತಾಳೆ. ಕರಕರ ನಿಂತ ಕೂಡಲೇ “ಮುಗಿಯಿತು ಅಪ್ಪಾ” ಎನ್ನುತ್ತಾಳೆ. ನಾನು ತಂತಿ ಕೀಳುತ್ತೇನೆ.